ನಾವು ಸೋತ್ವಿ ಅಂದೆಯಲ್ಲ

ನಾಪೋಕ್ಲು
4 ನವೆಂಬರ್ 2023

ಕುಂಞಿ,

ಫೋನಿನಲ್ಲಿ ಈ ಮಾತು ಎತ್ತಿದರೆ "ಬಿಡು ಅವ್ವ" ಅಂತ ಕಟ್ ಮಾಡುತ್ತೀಯ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವ ಹಾಗಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ. ಹೊರಗೆ ಮಳೆ, ಕರೆಂಟೂ ಇಲ್ಲ. ಅಕ್ಷರ ಸೊಟ್ಟಗಿದ್ದರೆ ಮೇಣದಬತ್ತಿಯನ್ನು ಬೈದುಕೋ.

ಮೂರು ವಾರದ ಹಿಂದೆ ರಾತ್ರಿ ಎರಡೂವರೆಗೆ ನಿನ್ನ ಫೋನು ಬಂತಲ್ಲ, ನನ್ನ ಎದೆ ಧಸಕ್ಕೆಂದಿತ್ತು. ಆ ಹೊತ್ತಿಗೆ ಬರುವ ಫೋನು ಒಳ್ಳೆಯ ಸುದ್ದಿ ತರುವುದಿಲ್ಲ. ಎತ್ತಿದರೆ ನೀನು ಅಳುತ್ತಿದ್ದೀಯ. "ನಾವು ಸೋತ್ವಿ ಅವ್ವ" ಅಂದೆ. ನನಗೆ ತಲೆಬುಡ ತಿಳಿಯಲಿಲ್ಲ. ಅವತ್ತು ಸಂಜೆಯಷ್ಟೇ ಅಹಮದಾಬಾದಿನಲ್ಲಿ ಪಾಕಿಸ್ತಾನವನ್ನು ಏಳು ವಿಕೆಟ್‌ಗಳಿಂದ ಸೋಲಿಸಿದ್ದೆವು. ಆ ಖುಷಿಗೆ ನಿನ್ನ ಅಪ್ಪ ಒಂದು ಪೆಗ್ ಜಾಸ್ತಿ ಹಾಕಿ ಮಲಗಿದ್ದರು. ನಾವು ಎಲ್ಲಿ ಸೋತೆವು ಅಂತ ಕೇಳಿದೆ. "ಐರ್ಲೆಂಡ್ ಅವ್ವ, ರಗ್ಬಿ" ಅಂದೆ. ನೀನಿರುವ ಐರ್ಲೆಂಡಿನ ತಂಡ ರಗ್ಬಿ ವರ್ಲ್ಡ್ ಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ನ್ಯೂಜಿಲೆಂಡಿಗೆ ಸೋತಿತ್ತು.

ನಿಜ ಹೇಳುತ್ತೇನೆ, ಸಿಟ್ಟು ಬಂತು. ನಿದ್ದೆ ಕೆಟ್ಟದ್ದಕ್ಕಲ್ಲ. ಆ "ನಾವು" ಅನ್ನೋ ಮಾತಿಗೆ.

ಆದರೂ ನೀನು ಅಷ್ಟು ಅಳುವಂಥದ್ದು ಏನಾಯಿತು ಅಂತ ನೋಡಬೇಕಿತ್ತು. ನೀನು ಕಳಿಸಿದ ಲಿಂಕಿನಲ್ಲಿ ಆ ಮ್ಯಾಚನ್ನು ಮೂರು ಸಲ ನೋಡಿದೆ. ನಮ್ಮಲ್ಲಿ ಸಿಗ್ನಲ್ ಸಿಗುವುದು ಕಣದ ಮೂಲೆಯಲ್ಲಿ ಮಾತ್ರ, ನಿನಗೆ ಗೊತ್ತಲ್ಲ. ಕುರ್ಚಿ ಹಾಕಿಕೊಂಡು, ಕೊಡೆ ಹಿಡಿದು, ಮಡಿಲಲ್ಲಿ ಫೋನಿಟ್ಟುಕೊಂಡು ಕೂತೆ. ತೋಟದ ಆಳುಗಳು ಅಮ್ಮನಿಗೆ ಏನೋ ಆಗಿದೆ ಅಂದುಕೊಂಡಿರಬೇಕು.

ಮೊದಲ ಸಲ ಏನೂ ಅರ್ಥವಾಗಲಿಲ್ಲ. ಮುಂದಕ್ಕೆ ಹೋಗಬೇಕು, ಆದರೆ ಕೈಯಿಂದ ಚೆಂಡನ್ನು ಹಿಂದಕ್ಕೇ ಎಸೆಯಬೇಕು. ಇದೆಂಥ ಆಟ ಮಾರಾಯ್ತಿ! ಹಾಕಿ ಆಡಿದವಳಿಗೆ ಇದು ತಲೆಗೆ ಹೋಗಲು ಸ್ವಲ್ಪ ಸಮಯ ಬೇಕು. ಆದರೆ ಸ್ಕ್ರಮ್ ಮಾತ್ರ ಕೂಡಲೇ ಅರ್ಥವಾಯಿತು. ಜುಲೈಯಲ್ಲಿ ಕೆಸರಲ್ಲಿ ಹೂತ ಜೀಪನ್ನು ಎಂಟು ಜನ ತಳ್ಳುವ ಹಾಗೆಯೇ. ಇಲ್ಲಿ ಎದುರಿನಿಂದಲೂ ಎಂಟು ಜನ ತಳ್ಳುತ್ತಾರೆ, ಅಷ್ಟೇ ವ್ಯತ್ಯಾಸ.

ಮೂರನೇ ಸಲ ನೋಡುವಾಗ ನನಗೂ ಒಂದು ಅಭಿಪ್ರಾಯ ಹುಟ್ಟಿತು. ಈಗ ಕೇಳು.

ನೀನು ಹೇಳುವುದು, ಮೂವತ್ತೆಂಟು ವಯಸ್ಸಿನ ಐರ್ಲೆಂಡ್ ಕ್ಯಾಪ್ಟನ್ ಸೆಕ್ಸ್ಟನ್‌ನನ್ನು ಪೂರ್ತಿ 80 ನಿಮಿಷ ಆಡಿಸಿದ್ದೇ ತಪ್ಪು ಅಂತ. ನಾನು ಒಪ್ಪುವುದಿಲ್ಲ. ಹಾಕಿಯಲ್ಲಾದರೆ ಸುಸ್ತಾದವನನ್ನು ಹೊರಗೆ ಕೂರಿಸಿ, ಐದು ನಿಮಿಷ ಬಿಟ್ಟು ಮತ್ತೆ ಕಳಿಸಬಹುದು. ರಗ್ಬಿಯಲ್ಲಿ ಹಾಗೆ ಸುಮ್ನೆ ಒಳಗೆ ಹೊರಗೆ ಮಾಡುವಂತಿಲ್ಲ. ಇಡೀ ತಂಡಕ್ಕೆ ದಾರಿ ತೋರಿಸುವವನನ್ನು ನಾಲ್ಕು ಪಾಯಿಂಟ್ ಹಿಂದಿರುವಾಗ ಯಾವ ಕೋಚ್ ತೆಗೆಯುತ್ತಾನೆ? ಅವನ ತಪ್ಪು ಬೇರೆ ಕಡೆ ಇದೆ. ಎರಡನೇ ಅರ್ಧದಲ್ಲಿ ಒಂದು ಪೆನಾಲ್ಟಿ ಕಿಕ್ ತಪ್ಪಿಸಿದ. ಆ ಮೂರು ಪಾಯಿಂಟ್ ಬಂದಿದ್ದರೆ 28-24 ಅನ್ನುವುದು 28-27 ಆಗುತ್ತಿತ್ತು. ಕೊನೆಯಲ್ಲಿ ಟ್ರೈಗಾಗಿ, ಅಂದರೆ ಎದುರಿನವರ ಗೆರೆ ದಾಟಿ ಚೆಂಡನ್ನು ನೆಲಕ್ಕೆ ತಾಗಿಸಲು, ಒದ್ದಾಡಬೇಕಿರಲಿಲ್ಲ, ಇನ್ನೊಂದು ಪೆನಾಲ್ಟಿ ಸಾಕಿತ್ತು.

ಅದಕ್ಕಿಂತ ದೊಡ್ಡದು ನ್ಯೂಜಿಲೆಂಡಿನ ಆ ಜೋರ್ಡಿ ಬ್ಯಾರೆಟ್ ಮಾಡಿದ್ದು. ಐರ್ಲೆಂಡಿನ ಕೆಲ್ಲೆಹರ್ ಗೆರೆ ದಾಟಿ ಆಗಿತ್ತು. ಚೆಂಡು ನೆಲಕ್ಕೆ ತಾಗಿದ್ದರೆ ಮುಗೀತು, ಐರ್ಲೆಂಡ್ ಮುಂದೆ. ಬ್ಯಾರೆಟ್ ಅವನ ಕೆಳಗೆ ನುಗ್ಗಿ ಚೆಂಡು ನೆಲ ಮುಟ್ಟದ ಹಾಗೆ ಹಿಡಿದುಕೊಂಡ. ಸೋಲು ಗೆಲುವು ಅಲ್ಲೇ ತೀರ್ಮಾನವಾಯಿತು ಅಂತ ನನ್ನ ಲೆಕ್ಕ. ಎಲ್ಲರೂ ಮಾತಾಡುವುದು ಕೊನೆಯ ಆ 37 ಸರದಿಯ ಬಗ್ಗೆ. ಬೀಳುವುದು, ಏಳುವುದು, ಮತ್ತೆ ನುಗ್ಗುವುದು. ನೋಡಲು ರೋಮಾಂಚನ ನಿಜ. ಆದರೆ ಎಣಿಸುತ್ತಾ ನೋಡಿದರೆ ಐರ್ಲೆಂಡ್ ಮುಂದೆ ಹೋಗಿದ್ದು ಕಮ್ಮಿ. ನ್ಯೂಜಿಲೆಂಡ್‌ನವರು ಒಂದು ತಪ್ಪೂ ಮಾಡದೆ ಕಾದರು, ಕೊನೆಗೆ 35 ವಯಸ್ಸಿನ ವೈಟ್‌ಲಾಕ್ ಬಗ್ಗಿ ಚೆಂಡಿಗೆ ಕೈ ಹಾಕಿದ. ವಯಸ್ಸಾದವರಿಂದ ಸೋತೆವು ಅನ್ನುತ್ತೀಯಲ್ಲ, ಗೆದ್ದದ್ದೂ ವಯಸ್ಸಾದವನಿಂದಲೇ!

ಇನ್ನು ಟೈಸ್ ವಿಷಯ, ಯಾವ ತಂಡ ಯಾವ ಗುಂಪಿಗೆ ಅಂತ ಚೀಟಿ ಎತ್ತುವುದು. ನಿನ್ನ ಆಸ್ಪತ್ರೆಯಲ್ಲಿ ಎಲ್ಲರೂ ಬೈಯುವುದು ಅದನ್ನೇ ಅಂದೆಯಲ್ಲ, ಅದರಲ್ಲಿ ನಿಮ್ಮ ಕಡೆ ನ್ಯಾಯ ಇದೆ. 2023ರ ಟೂರ್ನಮೆಂಟಿಗೆ 2020ರ ಡಿಸೆಂಬರಿನಲ್ಲೇ ಟೈಸ್ ಹಾಕುವುದು ಯಾವ ಬುದ್ಧಿವಂತಿಕೆ? ಮೂರು ವರ್ಷದಲ್ಲಿ ಯಾರು ಮೇಲೆ ಬಂದರು, ಯಾರು ಕೆಳಗೆ ಇಳಿದರು ಯಾರಿಗೆ ಗೊತ್ತು? ಕೊನೆಗೆ ಜಗತ್ತಿನ ಮೊದಲ ಐದು ತಂಡಗಳೂ ಎರಡೇ ಗುಂಪಿನಲ್ಲಿ ಬಿದ್ದವು. ಐರ್ಲೆಂಡ್, ಫ್ರಾನ್ಸ್ ಎರಡೂ ಕ್ವಾರ್ಟರ್ ಫೈನಲ್‌ನಲ್ಲೇ ಮನೆಗೆ. ಪಾಪ ಫ್ರಾನ್ಸ್, ತಮ್ಮ ಊರಲ್ಲೇ ಒಂದು ಪಾಯಿಂಟಿನಲ್ಲಿ ಹೋಯಿತು. ನಾಪೋಕ್ಲಿನಲ್ಲಿ ಈ ವರ್ಷ ನಮ್ಮ ಕೊಡವರ ಹಾಕಿಯ ಅಪ್ಪಚೆಟ್ಟೋಳಂಡ ಕಪ್‌ಗೆ 336 ಒಕ್ಕಗಳು, ಅಂದರೆ ಮನೆತನಗಳು, ಬಂದಿದ್ದವು. ಮೂರು ವರ್ಷ ಮೊದಲೇ ಟೈಸ್ ಹಾಕಿದ್ದರೆ ಮೈದಾನದಲ್ಲಿ ಹಾಕಿ ಅಲ್ಲ, ಬೇರೆ ಏನೋ ನಡೆಯುತ್ತಿತ್ತು.

ಆದರೆ ಟೈಸನ್ನೇ ಬೈಯುತ್ತಾ ಕೂತರೆ ಒಂದು ಲೆಕ್ಕ ತಪ್ಪುತ್ತದೆ. ಐರ್ಲೆಂಡ್ ಕ್ವಾರ್ಟರ್ ಫೈನಲ್‌ನಲ್ಲಿ ಸೋತಿದ್ದು ಇದು ಎಂಟನೇ ಸಲ. ಎಂಟೂ ಸಲ ಟೈಸಿನದೇ ತಪ್ಪೇ? 17 ಮ್ಯಾಚ್ ಸತತ ಗೆದ್ದು, ಒಂದನೇ ನಂಬರ್ ಆಗಿ ಹೋದ ತಂಡ. ಆ ಮೆಟ್ಟಿಲು ಹತ್ತುವಾಗ ಮಾತ್ರ ಕಾಲು ನಡುಗುತ್ತದೆ. ಬೇಕಿದ್ದರೆ ಇನ್ನೊಂದು ಸಲ ಫೋನ್ ಕಟ್ ಮಾಡು.

ಈಗ ಆ "ನಾವು" ವಿಷಯಕ್ಕೆ ಬರುತ್ತೇನೆ.

1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಒಕ್ಕಗಳ ಹಾಕಿ ಶುರು ಮಾಡಿದಾಗ 60 ಒಕ್ಕಗಳಿದ್ದವು. ಆಗ ನಾನು ಮದುವೆಯಾಗಿ ನಾಲ್ಕು ವರ್ಷ. ಇದು ಹೀಗೆ ಬೆಳೆಯುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ನೀನು ಮೂರನೇ ಕ್ಲಾಸಿನಲ್ಲಿರುವಾಗ ನಮ್ಮ ಒಕ್ಕಕ್ಕೂ ನನ್ನ ತವರು ತಾಮನೆಯ ಒಕ್ಕಕ್ಕೂ ಮ್ಯಾಚ್ ಬಿತ್ತು. ನಿನಗೆ ಅವತ್ತಿನ ಐಸ್‌ಕ್ಯಾಂಡಿ ಮಾತ್ರ ನೆನಪಿರಬೇಕು. ನಿನ್ನ ಅಪ್ಪ ಲೆಫ್ಟ್ ಹಾಫ್, ಎದುರು ಕಡೆ ನಿನ್ನ ಮಾವ ಸೆಂಟರ್ ಫಾರ್ವರ್ಡ್. ನಾನು ಇವರ ಮನೆಯವರ ಜೊತೆ ಗ್ಯಾಲರಿಯಲ್ಲಿ, ಅಜ್ಜಿಯ ಕೊಡೆಯ ಕೆಳಗೆ ಕೂತಿದ್ದೆ. ಏಪ್ರಿಲ್ ಬಿಸಿಲು.

ನನ್ನ ತಮ್ಮ ಇಬ್ಬರನ್ನು ದಾಟಿ ಗೋಲು ಹೊಡೆದ. ದಾಟಿದ ಇಬ್ಬರಲ್ಲಿ ಒಬ್ಬರು ನಿನ್ನ ಅಪ್ಪ. ನಾನು ಎದ್ದು ನಿಂತು ಕಿರುಚಿಬಿಟ್ಟಿದ್ದೆ. ಕಿರುಚಿದ ಮೇಲೆ ನೋಡಿದರೆ ನಮ್ಮ ಸಾಲಿನಲ್ಲಿ ಎಲ್ಲರೂ ಗಪ್‌ಚಿಪ್. ಅಜ್ಜಿ ಒಂದು ಮಾತೂ ಆಡಲಿಲ್ಲ. ಕೊಡೆಯನ್ನು ಮೆಲ್ಲಗೆ ಆಚೆ ಸರಿಸಿದರು. ಉಳಿದ ಹೊತ್ತೆಲ್ಲ ನಾನು ಬಿಸಿಲಲ್ಲಿ.

ಅವತ್ತು ರಾತ್ರಿ ಮನೆಯಲ್ಲಿ ಹನ್ನೆರಡು ಗಂಡಸರು ಪಂದಿ ಕರಿ, ಕಡಂಬುಟ್ಟು ತಿನ್ನುತ್ತಾ ಮ್ಯಾಚನ್ನು ಮತ್ತೆ ಮೊದಲಿನಿಂದ ಆಡಿದರು. ಅಂಪೈರ್ ಕುರುಡ, ಮೈದಾನ ಓರೆ, ಆ ಗೋಲು ಗೋಲೇ ಅಲ್ಲ. ಯಾರೋ ನನ್ನ ಕಡೆ ತಿರುಗಿ, "ನೀನು ಯಾರ ಕಡೆ?" ಅಂತ ಕೇಳಿದರು. "ನಾನು ಬಡಿಸುವವರ ಕಡೆ" ಅಂದೆ. ನಿನ್ನ ಅಪ್ಪ ಮಾತ್ರ ನಕ್ಕರು.

ಒಂದೆರಡು ವರ್ಷ ಕಳೆದ ಮೇಲೆ ನಮ್ಮ ಒಕ್ಕ ಎರಡು ಸುತ್ತು ಗೆದ್ದಿತು. ನಾನು ತವರಿಗೆ ಫೋನು ಮಾಡಿ ಸುದ್ದಿ ಹೇಳುತ್ತಿದ್ದೆ. "ಅವ್ವ, ನಾವು ಗೆದ್ವಿ" ಅಂದೆ. ಆಚೆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಲೈನ್ ಕಟ್ಟಾಯಿತೇನೋ ಅಂತ "ಹಲೋ, ಹಲೋ" ಅಂದೆ. ಆಮೇಲೆ ನನ್ನ ಅವ್ವ, "ಒಳ್ಳೇದಾಯಿತು. ಊಟ ಆಯಿತಾ?" ಅಂತ ಕೇಳಿದರು. ಅವರು ಯಾಕೆ ಸುಮ್ಮನಾದರು ಅಂತ ನನಗೆ ಗೊತ್ತಾಗಿದ್ದು ಮೂರು ವಾರದ ಹಿಂದೆ, ರಾತ್ರಿ ಎರಡೂವರೆಗೆ.

ನಿನ್ನ ಆ ತಂಡದ ಬಗ್ಗೆ ಓದುತ್ತಾ ಹೋದರೆ ಎಲ್ಲ ಹೀಗೇ ಇದೆ. ನಿಮ್ಮ ಬಂಡೀ ಆಕಿ ಹುಟ್ಟಿದ್ದು ಆಕ್ಲೆಂಡಿನಲ್ಲಿ. ಗಿಬ್ಸನ್-ಪಾರ್ಕ್, ಲೋ ಇಬ್ಬರೂ ನ್ಯೂಜಿಲೆಂಡಿನವರೇ. ಅವತ್ತು ಐರ್ಲೆಂಡಿಗೆ ಟ್ರೈ ಹೊಡೆದವರು ಆಕಿ ಮತ್ತು ಗಿಬ್ಸನ್-ಪಾರ್ಕ್. ಮೂರನೆಯದು ರೆಫರಿ ಕೊಟ್ಟ ಪೆನಾಲ್ಟಿ ಟ್ರೈ. ಅಂದರೆ ಹುಟ್ಟಿದ ಊರಿನ ಮೇಲೆಯೇ ಹೊಡೆದರು. ಅವರ ಅವ್ವಂದಿರು ಯಾವ ಕೊಡೆಯ ಕೆಳಗೆ ಕೂತಿದ್ದರೋ! ಐರ್ಲೆಂಡಿನಲ್ಲಿ ಗಡಿಯ ಈಚೆ ಒಂದು ಸರ್ಕಾರ, ಆಚೆ ಇನ್ನೊಂದು. ರಗ್ಬಿಗೆ ಮಾತ್ರ ಇಡೀ ದ್ವೀಪಕ್ಕೆ ಒಂದೇ ತಂಡ. ಇದನ್ನು ಓದಿದಾಗ ನನಗೆ ಖುಷಿಯಾಯಿತು.

ಐದು ವರ್ಷ ಬಿಡದೆ ಒಂದು ದೇಶದಲ್ಲಿ ನೆಲೆಸಿದರೆ ಆ ದೇಶಕ್ಕೆ ಆಡಬಹುದು ಅನ್ನುವ ನಿಯಮ ಇದೆಯಲ್ಲ. ಮೊದಲು ಮೂರು ವರ್ಷ ಇತ್ತು. ನೀನು ಹೋಗಿ ಆರು ವರ್ಷ ಆಯಿತು. ಅದನ್ನು ಓದಿದ ದಿನ ನಾನು ಬೆರಳಲ್ಲಿ ಎಣಿಸಿ ನೋಡಿದೆ. ಸುಮ್ನೆ ಎಣಿಸಿದೆ, ಅಷ್ಟೇ.

ಈಗ ನೀನು ನೋಡದ ಫೈನಲ್. ಹಟಕ್ಕೆ ಡ್ಯೂಟಿ ಹಾಕಿಸಿಕೊಂಡೆಯಲ್ಲ, ನಾನು ನೋಡಿದೆ. ಇಲ್ಲಿ ರಾತ್ರಿ ಹನ್ನೆರಡೂವರೆಗೆ ಶುರು. ಕಣದಲ್ಲಿ ಚಳಿ, ಅಪ್ಪನ ಸ್ವೆಟರ್ ಹಾಕಿಕೊಂಡು ಕೂತೆ. ನಾನು ದಕ್ಷಿಣ ಆಫ್ರಿಕಾದ ಕಡೆ. ಯಾಕೆ ಗೊತ್ತಾ? ಇಡೀ ಟೂರ್ನಮೆಂಟಿನಲ್ಲಿ ಅವರನ್ನು ಸೋಲಿಸಿದ್ದು ಐರ್ಲೆಂಡ್ ಒಂದೇ, ಸೆಪ್ಟೆಂಬರ್ 23ಕ್ಕೆ, 13-8. ಅವರು ಕಪ್ ಗೆದ್ದರೆ, ಚಾಂಪಿಯನ್ನರನ್ನು ಸೋಲಿಸಿದವರು ನೀವೊಬ್ಬರೇ ಅಂತ ಆಗುತ್ತದೆ. ನಿನ್ನ ವಾರ್ಡಿನ ಆ ಕೇಪ್‌ಟೌನ್ ಹುಡುಗಿ ಚುಡಾಯಿಸುತ್ತಾಳೆ ಅಂದೆಯಲ್ಲ, ಇದನ್ನು ಅವಳ ಮುಖಕ್ಕೆ ಹೇಳು.

ಪ್ಯಾರಿಸ್‌ನಲ್ಲಿ ಮಳೆ ಬಿದ್ದಿತ್ತು, ಚೆಂಡು ಎಲ್ಲರ ಕೈಯಿಂದ ಜಾರುತ್ತಿತ್ತು. ನ್ಯೂಜಿಲೆಂಡ್ ಕ್ಯಾಪ್ಟನ್ ಸ್ಯಾಮ್ ಕೇನ್‌ಗೆ ಮೊದಲ ಅರ್ಧದಲ್ಲೇ ರೆಡ್ ಕಾರ್ಡ್. ಗಂಡಸರ ಫೈನಲ್‌ನಲ್ಲಿ ಅದುವರೆಗೆ ಯಾರಿಗೂ ಸಿಕ್ಕಿರಲಿಲ್ಲ. 14 ಜನ ಆದರೂ ಟ್ರೈ ಹೊಡೆದದ್ದು ಅವರೇ, ಬೋಡನ್ ಬ್ಯಾರೆಟ್. ದಕ್ಷಿಣ ಆಫ್ರಿಕಾದವರು ಒಂದೂ ಟ್ರೈ ಇಲ್ಲದೆ ಗೆದ್ದರು. ಪೊಲಾರ್ಡ್‌ನ ನಾಲ್ಕು ಪೆನಾಲ್ಟಿ, 12 ಪಾಯಿಂಟ್, ಅಷ್ಟೇ. ಈ ಪೊಲಾರ್ಡ್ ಮೊದಲ ಪಟ್ಟಿಯಲ್ಲೇ ಇರಲಿಲ್ಲ, ಇನ್ನೊಬ್ಬನಿಗೆ ಪೆಟ್ಟಾಗಿ ಇವನನ್ನು ಕರೆಸಿದ್ದು. ಕೊನೆಗೆ ನಿಮ್ಮನ್ನು ತಡೆದ ಅದೇ ಜೋರ್ಡಿ ಬ್ಯಾರೆಟ್ ದೂರದಿಂದ ಒಂದು ಕಿಕ್ ತಪ್ಪಿಸಿದ. 12-11. ನನಗೆ ಅವನ ಮೇಲೆ ಸಿಟ್ಟಿತ್ತು, ಆದರೆ ಆ ಮುಖ ನೋಡಿದಾಗ ಅದೂ ಹೋಯಿತು.

ದಕ್ಷಿಣ ಆಫ್ರಿಕಾ ಕ್ವಾರ್ಟರ್ ಫೈನಲ್‌ನಲ್ಲಿ ಫ್ರಾನ್ಸನ್ನು 29-28, ಸೆಮಿಯಲ್ಲಿ ಇಂಗ್ಲೆಂಡನ್ನು 16-15, ಫೈನಲ್‌ನಲ್ಲಿ ನ್ಯೂಜಿಲೆಂಡನ್ನು 12-11. ಮೂರೂ ಒಂದೊಂದು ಪಾಯಿಂಟಿನಲ್ಲಿ. ಹೀಗೆ ಗೆಲ್ಲುವವರ ಮನೆಯಲ್ಲಿ ಬಿಪಿ ಮಾತ್ರೆ ಎಷ್ಟು ಖರ್ಚಾಗುತ್ತದೋ.

ಒಂದು ಮಾತ್ರ ನನ್ನ ಕಣ್ಣಲ್ಲಿ ಉಳಿದಿದೆ. ಆ ಕೋಲ್ಬಿ ಅನ್ನುವ ಚಿಕ್ಕ ಹುಡುಗನಿಗೆ ಕೊನೆಯಲ್ಲಿ ಯೆಲ್ಲೋ ಕಾರ್ಡ್. ಫ್ರಾನ್ಸ್ ಮ್ಯಾಚಿನಲ್ಲಿ ಓಡಿ ಬಂದು ಕಿಕ್ ತಡೆದನಲ್ಲ, ಅವನೇ. ಹೊರಗೆ ಕುರ್ಚಿಯಲ್ಲಿ ಕೂತು, ಜೆರ್ಸಿಯನ್ನು ಮುಖದ ಮೇಲೆ ಎಳೆದುಕೊಂಡುಬಿಟ್ಟ. ನೋಡಲು ಧೈರ್ಯವಿಲ್ಲ, ಎದ್ದು ಹೋಗಲು ಮನಸ್ಸಿಲ್ಲ. ನಾನೂ ಸ್ವೆಟರ್ ಮುಖಕ್ಕೆ ಎಳೆದುಕೊಂಡೆ. ಹಿಂದಿನಿಂದ ಅಪ್ಪ ಟಾರ್ಚ್ ಹಿಡಿದು ಬಂದು, "ಕಣದಲ್ಲಿ ಏನು ಮಾಡುತ್ತಿದ್ದೀ?" ಅಂತ ಕೇಳಿದರು. "ನಾವು ಗೆಲ್ಲುತ್ತಿದ್ದೇವೆ" ಅಂದೆ. ಅವರು "ಯಾರು ನಾವು?" ಅಂತಲೂ ಕೇಳದೆ ಹೋಗಿ ಮಲಗಿದರು.

ನಾಳೆ ಕೋಲ್ಕತ್ತಾದಲ್ಲಿ ಭಾರತಕ್ಕೂ ಅದೇ ದಕ್ಷಿಣ ಆಫ್ರಿಕಾಕ್ಕೂ ಕ್ರಿಕೆಟ್. ನಾಳೆ ನಾನು ಅವರ ಕಡೆ ಇಲ್ಲ, ಅದನ್ನೂ ಆ ಹುಡುಗಿಗೆ ಹೇಳು.

ಪುತ್ತರಿ ಹಬ್ಬ ಹತ್ತಿರ ಬಂತು. ಈ ಸಲವೂ ನೀನಿಲ್ಲ. ಮುಂದಿನ ವಾರ ಇಲ್ಲಿಂದ ಒಬ್ಬರು ಡಬ್ಲಿನ್‌ಗೆ ಬರುತ್ತಾರೆ. ಅವರ ಕೈಯಲ್ಲಿ ಪಂದಿ ಮಸಾಲೆ, ಕರಿಮೆಣಸು, ಒಂದು ಬಾಟಲಿ ಕಾಚಂಪುಳಿ ಕಳಿಸುತ್ತಿದ್ದೇನೆ. ಬಾಟಲಿಯ ಮುಚ್ಚಳಕ್ಕೆ ಮೇಣ ಹಾಕಿ, ನಿನ್ನ ಹಳೆಯ ಹಾಕಿ ಸಾಕ್ಸ್‌ನಲ್ಲಿ ಸುತ್ತಿದ್ದೇನೆ.

ಫೆಬ್ರವರಿ 2ಕ್ಕೆ ಮಾರ್ಸೇಯಲ್ಲಿ ಫ್ರಾನ್ಸ್ ಜೊತೆ ನಿಮ್ಮ ಮ್ಯಾಚ್ ಇದೆ. ಇಲ್ಲಿಗೆ ರಾತ್ರಿ ಒಂದೂವರೆ. ಆಗ ರೋಬಸ್ಟಾ ಕೊಯ್ಲು ಜೋರಿರುತ್ತದೆ, ಬೆಳಿಗ್ಗೆ ಬೇಗ ಏಳಬೇಕು. ಆದರೂ ಎದ್ದಿರುತ್ತೇನೆ. ಮಾರ್ಚಿನಲ್ಲಿ ಇಂಗ್ಲೆಂಡನ್ನು ಸೋಲಿಸಿದ ದಿನ ಹಸಿರು ಜೆರ್ಸಿ ಹಾಕಿ ಫೋಟೋ ಕಳಿಸಿದ್ದೆಯಲ್ಲ, ಅಂಥದ್ದು ದೊಡ್ಡ ಸೈಜಿನಲ್ಲಿ ಸಿಕ್ಕರೆ ಒಂದು ಕಳಿಸು. ಒಳಗೆ ಸ್ವೆಟರ್ ಹಾಕಬೇಕು, ಅಷ್ಟು ದೊಡ್ಡದಿರಲಿ. ಅಪ್ಪನಿಗೆ ಈಗಲೇ ಹೇಳಬೇಡ.

ನಿನ್ನ ಅವ್ವ