ಏಪ್ರಿಲ್ 1ರಿಂದ ನಮ್ಮಲ್ಲಿ ಮರಿಗಳ ಮಾರಾಟ ಇರುವುದಿಲ್ಲ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಬರುವ ಏಪ್ರಿಲ್ 1ರಿಂದ ನಮ್ಮ ಬಳ್ಳಾರಿ ಅಂಗಡಿಯಲ್ಲಿ ನಾಯಿಮರಿ, ಬೆಕ್ಕಿನ ಮರಿಗಳ ಮಾರಾಟ ನಿಲ್ಲುತ್ತದೆ. ಜೋಡಿ ಹುಡುಕಿ ಕ್ರಾಸ್ ಮಾಡಿಸಿಕೊಡುವುದೂ ಇರುವುದಿಲ್ಲ. ನೀವು ಊರಿಗೆ ಹೋಗುವಾಗ ನಮ್ಮಲ್ಲಿ ಬಿಟ್ಟು ಹೋಗುವ ನಾಯಿ, ಬೆಕ್ಕುಗಳ ಪೈಕಿ ಒಂದು ವರ್ಷ ದಾಟಿದವಕ್ಕೆ ಸಂತಾನಹರಣ ಆಪರೇಷನ್ ಆಗಿರಬೇಕು. ಇಳಿವಯಸ್ಸು, ಕಾಯಿಲೆ ಅಥವಾ ದೊಡ್ಡ ತಳಿ ಎಂಬ ಕಾರಣಕ್ಕೆ ಡಾಕ್ಟರು ಸದ್ಯಕ್ಕೆ ಬೇಡವೆಂದಿದ್ದರೆ ಅವರ ಚೀಟಿ ತನ್ನಿ, ಸಾಕು. ಆಹಾರ, ಬೆಲ್ಟು, ಚೈನು, ಶಾಂಪೂ ಎಲ್ಲವೂ ಎಂದಿನಂತೆ ಸಿಗುತ್ತವೆ.

ಕಾರಣ ಪ್ರಾಣಿಗಳ ಆಶ್ರಯತಾಣಗಳ ಈಗಿನ ಸ್ಥಿತಿ. 2023ರ ಎಬಿಸಿ (ಪ್ರಾಣಿ ಸಂತಾನ ನಿಯಂತ್ರಣ) ನಿಯಮಗಳ ಪ್ರಕಾರ ಬೀದಿನಾಯಿಯನ್ನು ಹಿಡಿದು, ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಜಾಗದಲ್ಲೇ ಬಿಡಬೇಕು. ಅಂದರೆ ಒಂದು ಗೂಡಿಗೆ ಒಂದು ನಾಯಿ ಕೆಲವೇ ದಿನ. ಆದರೆ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಲ್ಲಿ ಹಿಡಿದ ನಾಯಿಗಳನ್ನು ಮತ್ತೆ ಅಲ್ಲಿಗೇ ಬಿಡದೆ ಆಶ್ರಯತಾಣಕ್ಕೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿತು. ಹೀಗೆ ಬಂದ ನಾಯಿಗೆ ಹೊಸ ಮನೆ ಸಿಗದಿದ್ದರೆ ಆ ಗೂಡು ವರ್ಷಗಟ್ಟಲೆ ಖಾಲಿಯಾಗುವುದಿಲ್ಲ. ಅದರ ಮೇಲೆ ಮನೆಗಳಲ್ಲಿ ಹುಟ್ಟಿದ ಬೇಡದ ಮರಿಗಳೂ ಬಂದು ಬೀಳುತ್ತವೆ. ಗಂಡುಮರಿ ಕೇಳಿ ಒಯ್ಯುವವರು ಇದ್ದಾರೆ, ಉಳಿಯುವವು ಹೆಣ್ಣು. ಬೆಳೆದು ಮತ್ತೆ ಈಯುವವೂ ಅವೇ. ಬಳ್ಳಾರಿ ಬಿಸಿಲು ತಡೆಯದ ಹಸ್ಕಿಯಂಥ ತಳಿಗಳನ್ನು ಆಸೆಪಟ್ಟು ತಂದು, ಎಸಿಯ ಕರೆಂಟ್ ಬಿಲ್ ನೋಡಿ ಕೈಬಿಡುವವರೂ ಇದ್ದಾರೆ. ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಜಾಗ ಕಿರಿದಾದಾಗ ಮೊದಲು ಸಾಯುವವು ಮರಿಗಳು. ಪಾರ್ವೊ ಎಂಬ ವೈರಸ್ ರೋಗ ತಗುಲಿದ ನಾಯಿಮರಿ ವಾಂತಿ, ಭೇದಿ ಕಾಣಿಸುವ ಮೊದಲೇ ಮಲದಲ್ಲಿ ವೈರಸ್ ಹೊರಹಾಕುತ್ತಿರುತ್ತದೆ. ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ; ಫಿನಾಯಿಲ್‌ಗೆ ಸಾಯುವುದಿಲ್ಲ. ಕೊಳೆ ಪೂರ್ತಿ ತೊಳೆದ ಮೇಲೆ 1 ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ನೆಲ 10 ನಿಮಿಷ ಒದ್ದೆಯಾಗಿರುವಂತೆ ಬಿಡಬೇಕು. ಲಸಿಕೆ ಹಾಕಿಸಿದರೂ ತಾಯಿಹಾಲಿನಿಂದ ಬಂದ ರಕ್ಷಣೆ ಆ ಲಸಿಕೆ ಕೆಲಸ ಮಾಡದಂತೆ ತಡೆಯಬಹುದು. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ ಹಾಕಿಸುವುದು. ಹೊಸದಾಗಿ ಬಂದ ಮರಿಯನ್ನು 14 ದಿನ ಬೇರೆಯೇ ಇಡಬೇಕು. ತುಂಬಿದ ಆಶ್ರಯತಾಣದಲ್ಲಿ ಆ ಬೇರೆ ಕೋಣೆಯೇ ಇರುವುದಿಲ್ಲ. ಇದ್ದ ಕೋಣೆಯಲ್ಲೂ ಮರಿಗಳು ತುಂಬಿರುತ್ತವೆ.

ಈಗ ಆಪರೇಷನ್ ವಿಷಯ. ಹೆಣ್ಣುನಾಯಿ ಸಾಮಾನ್ಯವಾಗಿ 6ರಿಂದ 12 ತಿಂಗಳೊಳಗೆ ಮೊದಲ ಬೆದೆಗೆ ಬರುತ್ತದೆ. ಗರ್ಭ ಸುಮಾರು 63 ದಿನ. ಬೆಕ್ಕು 4-5 ತಿಂಗಳಿಗೇ ಗಬ್ಬವಾಗಬಲ್ಲದು, ಮರಿಗಳಿಗೆ ಹಾಲುಣಿಸುತ್ತಿರುವಾಗಲೂ. "ಒಂದು ಸಲವಾದರೂ ಮರಿ ಹಾಕಲಿ" ಎಂದು ಕಾಯುವುದರಿಂದ ಅದರ ಆರೋಗ್ಯಕ್ಕೆ ಏನೂ ಲಾಭವಿಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಗಡ್ಡೆಯ ಭಯ ಬಹಳ ಕಡಿಮೆಯಾಗುತ್ತದೆ. ಬೆದೆ ತಡೆಯುವ ಇಂಜೆಕ್ಷನ್ ಅಗ್ಗವೆಂದು ಕೊಡಿಸಬೇಡಿ, ಗರ್ಭಕೋಶದಲ್ಲಿ ಕೀವು ತುಂಬಿ ಜೀವಕ್ಕೇ ಅಪಾಯವಾಗಬಹುದು. ಬೆದೆಯಲ್ಲಿದ್ದಾಗ ಆಪರೇಷನ್ ಮಾಡಿದರೆ ರಕ್ತ ಹೆಚ್ಚು ಹೋಗುತ್ತದೆ. ಬೆದೆ ಮುಗಿದು ಎರಡು-ಮೂರು ತಿಂಗಳು ಬಿಟ್ಟು ಮಾಡಿಸಿ.

ಹಿಂದಿನ ರಾತ್ರಿ ಹತ್ತರ ನಂತರ ಅನ್ನ, ರೊಟ್ಟಿ, ಹಾಲು ಯಾವುದೂ ಬೇಡ. ಪ್ರೀತಿಗೆ ಕೊಟ್ಟ ಒಂದು ಬಿಸ್ಕತ್ತೂ ಅರಿವಳಿಕೆಯಲ್ಲಿ ವಾಂತಿಯಾಗಿ ಶ್ವಾಸಕೋಶಕ್ಕೆ ಇಳಿಯಬಹುದು. ನೀರು ಬೆಳಗಿನವರೆಗೂ ಇರಲಿ. ಎಳೆಯ ಮರಿಗಳನ್ನು ಮಾತ್ರ ಇಷ್ಟು ಹೊತ್ತು ಉಪವಾಸ ಇಡಬಾರದು, ಡಾಕ್ಟರು ಹೇಳಿದಷ್ಟೇ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಮೊದಲ ಹೊತ್ತನ್ನೇ ಕೇಳಿ. ಅರಿವಳಿಕೆ ಇಳಿಯುತ್ತಿರುವ ನಾಯಿ ತನ್ನ ಮೈಬಿಸಿಯನ್ನು ತಾನೇ ಹದಕ್ಕೆ ತಂದುಕೊಳ್ಳಲಾರದು, ಮಧ್ಯಾಹ್ನದ ಆಟೋದಲ್ಲಿ ಅದನ್ನು ತರುವುದು ಅಪಾಯ. ಮನೆಗೆ ಬಂದ ಮೇಲೆ 10ರಿಂದ 14 ದಿನ ಕುತ್ತಿಗೆಗೆ ಕೋನ್ ಕಾಲರ್ (ಗಾಯ ನೆಕ್ಕದಂತೆ ತಡೆಯುವ ಶಂಕುವಿನಾಕಾರದ ಪಟ್ಟಿ) ಇರಲೇಬೇಕು. ಹೊಲಿಗೆ ಬಿಚ್ಚುವುದು ಬಹುಮಟ್ಟಿಗೆ ನೆಕ್ಕುವುದರಿಂದ ಮತ್ತು ಮೆಟ್ಟಿಲು ಹಾರುವುದರಿಂದ. ಸ್ನಾನ ಬೇಡ. ನೋವಿಗೆಂದು ನಿಮ್ಮ ಮನೆಯ ಮಾತ್ರೆ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಐಬುಪ್ರೊಫೆನ್ ನಾಯಿ, ಬೆಕ್ಕು ಎರಡಕ್ಕೂ. ಗಾಯ ಊದಿದರೆ, ಕೀವು ಬಂದರೆ, ಒಂದು ದಿನ ಕಳೆದರೂ ಏನೂ ತಿನ್ನದಿದ್ದರೆ ಕಾಯದೆ ಕರೆದೊಯ್ಯಿರಿ. ಗಂಡಿಗೆ ಮಾಡಿಸಿದ ಮೇಲೂ ಸುಮಾರು ಆರು ವಾರ ಹೆಣ್ಣಿನಿಂದ ದೂರವಿಡಿ, ಅಷ್ಟು ದಿನ ಅದರಿಂದ ಗರ್ಭ ನಿಲ್ಲಬಹುದು. ಆಮೇಲೆ ಊಟವನ್ನು ಕಾಲುಭಾಗದಷ್ಟು ತಗ್ಗಿಸಿ, ಇಲ್ಲವಾದರೆ ಮೈ ಬರುತ್ತದೆ. ಕೋನ್ ಕಾಲರ್‌ಗಳನ್ನು ಈ ವರ್ಷವಿಡೀ ಕೊಂಡ ಬೆಲೆಗೇ ಕೊಡುತ್ತೇವೆ.

ಮರಿ ಬೇಕೆಂದು ಬರುವವರಿಗೆ ಆಶ್ರಯತಾಣಗಳಲ್ಲಿ ಮನೆಗಾಗಿ ಕಾಯುತ್ತಿರುವ ಮರಿಗಳ ವಿವರ ಕೊಡುತ್ತೇವೆ. ಅದಕ್ಕೆ ಹಣವಿಲ್ಲ. ಒಯ್ಯುವ ಮೊದಲು ಲಸಿಕೆ ಪುಸ್ತಕ ಕೇಳಿ, 14 ದಿನ ಬೇರೆ ಇಟ್ಟಿದ್ದರೇ ಎಂದು ವಿಚಾರಿಸಿ. ದೇಸಿ ಮರಿ ನಮ್ಮ ಈ ಬಿಸಿಲಿಗೆ ಬೇಗ ಹೊಂದಿಕೊಳ್ಳುತ್ತದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮರಿಗಾಗಿ ಮುಂಗಡ ಕೊಟ್ಟವರು ರಸೀದಿ ತಂದು ಪೂರ್ತಿ ಹಣ ವಾಪಸ್ ಪಡೆಯಬಹುದು. ಮೇ ತಿಂಗಳ ರಜೆಗೆ ನಾಯಿ ಬಿಡಲು ಈಗಾಗಲೇ ಬುಕ್ ಮಾಡಿದವರಿಗೆ ಹೊಸ ನಿಯಮ ಅನ್ವಯಿಸುವುದಿಲ್ಲ; ಬೆದೆಗೆ ಬಂದ ಹೆಣ್ಣುನಾಯಿಯನ್ನು ಮಾತ್ರ ಆಗಲೂ ಸೇರಿಸಿಕೊಳ್ಳುವುದಿಲ್ಲ.

ಇಂತಿ,
ಅಂಗಡಿಯ ಪಾಲುದಾರರು, ಬಳ್ಳಾರಿ