ನೇತ್ರಾಣಿಯ ಹವಳಕ್ಕೂ ಒಂದು ಲೆಕ್ಕ ಇರಲಿ

ಮಾನ್ಯರೇ,

ಮುರುಡೇಶ್ವರದ ಎದುರು ಸಮುದ್ರದಲ್ಲಿರುವ ನೇತ್ರಾಣಿ ನಡುಗಡ್ಡೆಯ ಸ್ಕೂಬಾ ಡೈವಿಂಗ್ ಬಗ್ಗೆ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ದೋಣಿ ಎಲ್ಲಿಂದ ಹೊರಡುತ್ತದೆ, ರೇಟು ಎಷ್ಟು, ಯಾವ ತಿಂಗಳು ನೀರು ತಿಳಿ, ಎಲ್ಲ ಇರುತ್ತದೆ. ಅಲ್ಲಿನ ಹವಳ ಹೋದ ವರ್ಷಕ್ಕಿಂತ ಜಾಸ್ತಿಯಾಯಿತೋ ಕಡಿಮೆಯಾಯಿತೋ ಅನ್ನುವುದನ್ನು ಮಾತ್ರ ನಾನು ಓದಿಲ್ಲ. ಪ್ರತಿವರ್ಷ ನಡುಗಡ್ಡೆಯ ಸುತ್ತ ಅದನ್ನು ನೋಡಿ ಬರೆದಿಡಬೇಕು. ಅದಕ್ಕೆ ದೊಡ್ಡ ಹಡಗು ಬೇಡ, ಒಂದು ಹಲಗೆ ಮತ್ತು ಹಗ್ಗ ಸಾಕು.

ನಾನು ಹೊನ್ನಾವರದವಳು. ಸಮುದ್ರ ಜೀವಶಾಸ್ತ್ರ ಓದಿ, ತಮಿಳುನಾಡಿನ ಮನ್ನಾರ್ ಕೊಲ್ಲಿಯ ಹವಳದ ಸಮೀಕ್ಷೆಯಲ್ಲಿ ಕೆಲಸ ಮಾಡಿದವಳು. ಅಲ್ಲಿ ಬಳಸುತ್ತಿದ್ದದ್ದು ಮ್ಯಾಂಟಾ ಬೋರ್ಡ್. ಸುಮಾರು 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಪ್ಲೈವುಡ್ ಹಲಗೆ. ಹಿಡಿದುಕೊಳ್ಳಲು ಹಿಡಿಕೆ, ಮೇಲೆ ನೀರಿಗೆ ಹಾಳಾಗದ ಹಾಳೆ, ದಾರ ಕಟ್ಟಿದ ಪೆನ್ಸಿಲ್. ಸುಮಾರು 17 ಮೀಟರ್ ಹಗ್ಗದಿಂದ ಅದನ್ನು ಸಣ್ಣ ದೋಣಿಗೆ ಕಟ್ಟುತ್ತಾರೆ. ಮಾಸ್ಕ್, ಸ್ನಾರ್ಕೆಲ್ (ಉಸಿರಾಡುವ ಕೊಳವೆ) ಹಾಕಿಕೊಂಡವರು ಹಲಗೆ ಹಿಡಿದು ಹಿಂದೆ ತೇಲುತ್ತಾರೆ. ಹಲಗೆಯ ಮೂತಿ ಕೆಳಗೆ ಬಗ್ಗಿಸಿದರೆ ನೀರೇ ನಮ್ಮನ್ನು ಕೆಳಗೆ ಒಯ್ಯುತ್ತದೆ. ಮೇಲೆತ್ತಿದರೆ ಮೇಲೆ ಬರುತ್ತೇವೆ. ಎರಡು ನಿಮಿಷ ಎಳೆದು ದೋಣಿ ನಿಲ್ಲುತ್ತದೆ. ಅಷ್ಟರಲ್ಲಿ ನೂರು ಮೀಟರಿಗಿಂತ ಜಾಸ್ತಿ ದೂರ ನೋಡಿರುತ್ತೇವೆ. ಜೀವಂತ ಹವಳ ಎಷ್ಟು ಪಾಲು, ಸತ್ತದ್ದು ಎಷ್ಟು, ಬಿಳಿಚಿದ್ದು ಎಷ್ಟು ಎಂದು ಬರೆದುಕೊಂಡು ಮತ್ತೆ ಹೊರಡುವುದು.

ಬಿಳಿಚಿದ್ದನ್ನೂ ಸತ್ತದ್ದನ್ನೂ ಒಂದೇ ಎಂದು ಬರೆದರೆ ಲೆಕ್ಕವೇ ಕೆಟ್ಟಿತು. ನೀರು ಬಿಸಿಯಾದಾಗ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ, ಮೈಯೊಳಗಿನ ಸುಣ್ಣದ ಗೂಡು ಬೆಳ್ಳಗೆ ಕಾಣುತ್ತದೆ. ಆಗಲೂ ಜೀವ ಇರುತ್ತದೆ, ನೀರು ಬೇಗ ತಣ್ಣಗಾದರೆ ಸುಧಾರಿಸಿಕೊಳ್ಳುತ್ತದೆ. ಅದರ ಮೇಲೆ ಹಸಿರು, ಕಂದು ಪಾಚಿ ನವಿರಾಗಿ ಹತ್ತಿದ್ದರೆ ಅದು ಹೋಯಿತು ಎಂದೇ ಅರ್ಥ. ಈ ವ್ಯತ್ಯಾಸ ಎಳೆಸಿಕೊಂಡು ಹೋಗುತ್ತಿರುವಾಗಲೇ ಕಣ್ಣಿಗೆ ಬೀಳಬೇಕು. ಹಾಗಾಗಿ ಹೊಸಬರನ್ನು ಹಳಬರ ಜೊತೆ ಒಂದೇ ಜಾಗದಲ್ಲಿ ಎಳೆದು, ಇಬ್ಬರ ಹಾಳೆ ಪಕ್ಕಪಕ್ಕ ಇಟ್ಟು ನೋಡುತ್ತಾರೆ.

ಇದಕ್ಕಿಂತ ಮುಖ್ಯ, ದೋಣಿ ನಡೆಸುವವರ ಕೈ. ಗಂಟೆಗೆ ಸುಮಾರು 4 ಕಿ.ಮೀ., ಅಂದರೆ ಮನುಷ್ಯ ನಡೆಯುವಷ್ಟೇ ವೇಗ. ಸ್ವಲ್ಪ ಜೋರಾದರೆ ಮುಖದ ಮಾಸ್ಕ್ ಕಿತ್ತುಬರುತ್ತದೆ. ತೀರಾ ನಿಧಾನವಾದರೆ ಹಗ್ಗ ಸಡಿಲಾಗಿ ಪ್ರೊಪೆಲ್ಲರ್ ಕಡೆ ಸರಿಯುತ್ತದೆ. ಇನ್ನೊಬ್ಬರು ಹಿಂದಕ್ಕೆ ಮುಖಮಾಡಿ ಕೂತು, ನೀರಿನಲ್ಲಿರುವವರ ಮೇಲಿಂದ ಕಣ್ಣು ತೆಗೆಯಬಾರದು. ಹಲಗೆಗೆ ಯಾರೂ ತಮ್ಮನ್ನು ಕಟ್ಟಿಕೊಳ್ಳಲೇಬಾರದು. ಭಯವಾದರೆ ಕೈ ಬಿಟ್ಟರಾಯಿತು. ಸಿಲಿಂಡರ್ ಹಾಕಿಕೊಂಡು ಎಳೆಸಿಕೊಳ್ಳುವುದೂ ಬೇಡ. ಆಳದಲ್ಲಿ ಸಿಲಿಂಡರಿನ ಗಾಳಿ ಎಳೆದು, ಉಸಿರು ಹಿಡಿದು ಸರ್ರನೆ ಮೇಲೆ ಬಂದರೆ ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ನಮ್ಮ ಕರಾವಳಿಯ ತಾಂಡೇಲರಿಗೆ ಬಂಡೆ ಪಕ್ಕ ದೋಣಿ ನಡೆಸುವುದನ್ನು ಯಾರೂ ಕಲಿಸಬೇಕಿಲ್ಲ. ಈ ಕೆಲಸಕ್ಕೆ ಅವರಿಗಿಂತ ಒಳ್ಳೆಯವರು ಸಿಗುವುದಿಲ್ಲ.

ಇಂಥ ಲೆಕ್ಕದಿಂದ ಏನು ಉಪಯೋಗ ಅಂತೀರಾ? ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ನೋಡಿ. ಹವಳ ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನಿನ ಹಾವಳಿ ತಿಳಿಯಲು ಅಲ್ಲಿ ಹೀಗೆ ಎಳೆದು ನೋಡುವುದು ಬಳಕೆಗೆ ಬಂತು. 1980ರ ದಶಕದಿಂದ ಅಲ್ಲಿನ ಸಾಗರ ವಿಜ್ಞಾನ ಸಂಸ್ಥೆ ಬಿಡದೆ ನಡೆಸಿಕೊಂಡು ಬಂದಿದೆ. 2024ರ ಬಿಸಿಗೆ ಹವಳ ಬಿಳಿಚಿದ ಮೇಲೆ, ದಕ್ಷಿಣ ಭಾಗದಲ್ಲಿ ಜೀವಂತ ಗಟ್ಟಿ ಹವಳ ಒಂದೇ ವರ್ಷದಲ್ಲಿ ಶೇ 38.9ರಿಂದ 26.9ಕ್ಕೆ ಇಳಿಯಿತು ಎಂದು 2025ರಲ್ಲಿ ಅವರು ಹೇಳಿದರು. ಹಿಂದಿನ ವರ್ಷಗಳ ಹಾಳೆಗಳು ಇಲ್ಲದಿದ್ದರೆ ಇದು ಹೊಳೆಯುತ್ತಿತ್ತಾ? ಅದೇ 2024ರಲ್ಲಿ ನಮ್ಮ ಎದುರಿನ ಲಕ್ಷದ್ವೀಪದಲ್ಲೂ ಹವಳ ಬಿಳಿಚಿತು. ಅಮಿನಿ, ಕಡಮತ್, ಕಿಲ್ತಾನ್ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅದು ನಮಗೆ ದೂರದ ಸುದ್ದಿ ಅಲ್ಲ.

ಹಲಗೆಯಿಂದ ಎಲ್ಲವೂ ಕಾಣುವುದಿಲ್ಲ, ನಿಜ. ಸಂದಿಯಲ್ಲಿ ಅಡಗಿದ್ದು, ಬೆರಳಷ್ಟು ಮರಿ ಹವಳ ತಪ್ಪಿಹೋಗುತ್ತವೆ. ಅವಕ್ಕೆ ಡೈವರ್‌ಗಳು ಇಳಿದು ಟೇಪ್ ಹಾಸಿಯೇ ನೋಡಬೇಕು. ಆದರೆ ಟೇಪ್ ಎಲ್ಲಿ ಹಾಸಬೇಕು ಅಂತ ತಿಳಿಯಲಿಕ್ಕಾದರೂ ಮೊದಲು ಇಡೀ ಸುತ್ತು ನೋಡಿರಬೇಕು, ಅಲ್ವಾ? ಸುಮ್ನೆ ಎರಡು ಚೆಂದದ ಜಾಗ ನೋಡಿ "ಹವಳ ಚೆನ್ನಾಗಿದೆ" ಎಂದರೆ ಆಗದು.

ಡೈವಿಂಗ್ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಅದರಲ್ಲಿ ಮುರುಡೇಶ್ವರದ ಎಷ್ಟೋ ಮನೆಗಳ ಅನ್ನ ಇದೆ. ಮೀನುಗಾರಿಕೆ, ಅರಣ್ಯ, ಪ್ರವಾಸೋದ್ಯಮ ಇಲಾಖೆಗಳು ಕೂಡಿ, ಪ್ರತಿವರ್ಷ ಡೈವಿಂಗ್ ಸೀಸನ್ ಶುರುವಾದ ಮೇಲೆ ಒಮ್ಮೆ, ಮುಗಿಯುವಾಗ ಒಮ್ಮೆ ಈ ಸುತ್ತು ಹಾಕಿಸಲಿ. ಅಲ್ಲಿಗೆ ಹೋಗುವ ದೋಣಿಗಳನ್ನೇ ಬಾಡಿಗೆಗೆ ತೆಗೆದುಕೊಳ್ಳಲಿ, ತಾಂಡೇಲರಿಗೆ ಕೂಲಿ ಕೊಡಲಿ. ಬಂದ ಲೆಕ್ಕವನ್ನು ಟಿಕೆಟ್ ಕೊಡುವ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ಬರೆದು ಹಾಕಲಿ. ಡಿಸೆಂಬರ್, ಜನವರಿಯಲ್ಲಿ ನೀರು ತಿಳಿಯಾಗಿರುತ್ತದೆ, ಆಗಲೇ ಮೊದಲ ಸುತ್ತು ಮುಗಿಸಬಹುದು. ಹಲಗೆಯನ್ನು ಭಟ್ಕಳದ ಯಾವ ಬಡಗಿಯಾದರೂ ಮಾಡಿಕೊಡುತ್ತಾರೆ. ಅಳತೆ, ಹಾಳೆಯ ಮಾದರಿ ನನ್ನ ಬಳಿ ಇವೆ, ಇಲಾಖೆ ಕೇಳಿದರೆ ಕೊಡುತ್ತೇನೆ.

– ಓದುಗರೊಬ್ಬರು, ಹೊನ್ನಾವರ