ಸಂಸದರ, ಆ ಕಡದ ವಯರ್ ಯಾವಾಗ ಜೋಡಸ್ತೀರಿ?

ಮಾನ್ಯ ಹಾವೇರಿ-ಗದಗ ಸಂಸದರಿಗೆ ನಮಸ್ಕಾರ್ರೀ,

ಕಪ್ಪತಗುಡ್ಡದ ಬುಡದಾಗಿನ ಒಂದು ಊರಿಂದ ಬರೀಲಿಕ್ಕತ್ತೇನಿ. ಮನ್ಯಾಗ ಟೈಪ್ ಮಾಡಿ ಇಟ್ಕೊಂಡೇನಿ, ಮುಂಡರಗಿ ಸಂತಿಗೆ ಹೋದಾಗ ಹಾಕ್ತೀನಿ. ಊರಾಗ ನೆಟ್ ಇಲ್ರೀ.

ಭಾರತ್‌ನೆಟ್ ಅಂದ್ರೇನು ಅಂತ ನಿಮಗ ನಾ ಹೇಳೂದು ಬ್ಯಾಡ. 2011ರಾಗ ಬ್ಯಾರೆ ಹೆಸರಿನಾಗ ಮಂಜೂರಾತು, ದೇಶದ ಸುಮಾರು 2.5 ಲಕ್ಷ ಪಂಚಾಯ್ತಿಗೆ ಫೈಬರ್ ವಯರ್ ಎಳದು ನೆಟ್ ಕೊಡ್ತೀವಿ ಅಂದ್ರು, 2023ರ ಆಗಸ್ಟ್‌ನ್ಯಾಗ ಮತ್ತ 1,39,579 ಕೋಟಿ ಅಂದ್ರು. ನಮ್ಮ ಪಂಚಾಯ್ತಿಗೂ ವಯರ್ ಬಂತು, ಪೆಟ್ಟಿಗಿ ಬಂತು. ರಸ್ತೆ ಅಗಲ ಮಾಡೂ ಮುಂದ ಜೆಸಿಬಿ ವಯರ್ ಕಡೀತು. ಈಗ ಪೆಟ್ಟಿಗಿ ಮ್ಯಾಲ ರಿಜಿಸ್ಟರ್ ಇಡ್ತಾರ.

ಹೋದ ತಿಂಗಳ ರೇಶನ್ ಕಥಿ ಕೇಳ್ರಿ. ಥಂಬ್ ಕೊಡೂ ಮಷಿನ್‌ಗೆ ಅಂಗಡ್ಯಾಗ ಸಿಗ್ನಲ್ ಸಿಗೂದಿಲ್ಲ, ಹನಮಪ್ಪನ ಗುಡಿ ಕಟ್ಟಿ ಮ್ಯಾಲ ಸಿಗತೈತಿ, ಅದಕ್ಕ ಅಂಗಡ್ಯಾವ ಮಷಿನ್ ತಗೊಂಡು ಅಲ್ಲೇ ಕುಂತಿದ್ದ, ಊರಿಗೂರ ಪಾಳಿ ಹಚ್ಚಿತ್ತು. ನಮ್ಮವ್ವಗ 74. ಹತ್ತಿ ಬಿಡಿಸಿ ಬಿಡಿಸಿ ಬೆರಳಿನ ಗೆರಿ ಸವದಾವು, ನಾಕ್ ಸಲ ಒತ್ತಿದ್ರೂ ತಗೋಲಿಲ್ಲ. ಓಟಿಪಿ ಹಾಕೂಣು ಅಂದ. ಆಧಾರಕ್ಕ ಜೋಡಿಸಿದ ಸಿಮ್ ಬ್ಯಾರೆ ಕಂಪನೀದು, ಅದರ ರೇಂಜ್ ಬಸ್‌ಸ್ಟ್ಯಾಂಡ್ ಬೇವಿನ ಗಿಡದ ಬುಡಕ ಅಷ್ಟ. ನಾ ಅಲ್ಲಿ ನಿಂತು, ನಂಬರ್ ಬಂದ ಕೂಡ್ಲೆ ಗಾಡಿ ಕಿಕ್ ಹೊಡದು ಗುಡಿಗೆ ಮುಟ್ಟೂದ್ರಾಗ ಟೈಮ್ ಮುಗದಿರ್ತಿತ್ತು. ಮೂರು ಸಲ ಓಡಾಡಿದೆ. ಕಡೀಕ ಅವ್ವ "ಹೋಗ್ಲಿ ಬಿಡೊ ತಮ್ಮಾ, ನಾ ಇನ್ನೂ ಅದೀನಿ ಅಂತ ಆ ಡಬ್ಬಿಗೆ ಗೊತ್ತಿಲ್ಲ" ಅಂದು ಖಾಲಿ ಚೀಲ ಮಡಚಿ ಬಗಲಾಗ ಇಟ್ಕೊಂಡು ಮನಿಗೆ ನಡದ್ಲು.

ರೇಶನ್ ರಾಜ್ಯ ಸರ್ಕಾರದ್ದು ಅಂತ ಹೇಳಬ್ಯಾಡ್ರಿ. ವಯರ್ ನಿಮ್ಮದು. ಉದ್ಯೋಗ ಖಾತ್ರಿ ಹಾಜರೀನ 2023ರ ಜನವರಿಯಿಂದ ಆ್ಯಪ್‌ನ್ಯಾಗ ಕಡ್ಡಾಯ ಮಾಡಿದವರು ನೀವು ದಿಲ್ಲಿಯವರ. 2020ರಾಗ ಪಿಎಂ-ವಾಣಿ ತಂದು ಚಾದಂಗಡ್ಯಾವನೂ ವೈಫೈ ಹಂಚಬಹುದು ಅಂದ್ರಿ, ಭಾಳ ಚಲೋ, ಆದ್ರ ಮೊದಲ ಅವಗ ಲೈನ್ ಬರಬೇಕಲ್ರೀ, ಸದ್ಯಕ್ಕ ಅವನ ಕಡೆ ಚಾ ಅಷ್ಟ ಐತಿ. 2025ರ ಏಪ್ರಿಲ್‌ನ್ಯಾಗ ಸುಪ್ರೀಂ ಕೋರ್ಟ್ ಕೆವೈಸಿ (ಗುರುತು ಖಾತ್ರಿ ಮಾಡೂದು) ಕೇಸಿನಾಗ, ಡಿಜಿಟಲ್ ಸೌಲಭ್ಯ ಸಿಗೂದು ಬದುಕೂ ಹಕ್ಕಿನ ಭಾಗ ಅಂದೈತಿ, ಅದನ್ನೂ ನೀವು ಓದೀರಿ ಅಂತ ತಿಳ್ಕೋತೀನಿ.

ಹಂಗಾಗಿ, ಆ ಕಡದ ವಯರ್ ಜೋಡಸ್ರಿ. ಪಂಚಾಯ್ತಿಯಿಂದ ರೇಶನ್ ಅಂಗಡಿಗೆ ಒಂದ್ ಲೈನ್ ಎಳಸ್ರಿ. ಅಲ್ಲೀಮಟ ಪುಸ್ತಕದಾಗ ಸಹಿ ತಗೊಂಡು ಅಕ್ಕಿ ಕೊಡ್ರಿ ಅಂತ ಮ್ಯಾಲಿನವರಿಗೆ ಒಂದ್ ಮಾತು ಹೇಳ್ರಿ. ಮತ್ತ ಹೇಳ್ತೀನಿ, ವಯರ್ ಜೋಡಸ್ರಿ ಸಾಹೇಬ್ರ.

ಈ ತಿಂಗಳ ರೇಶನ್ ಬಂದೈತಿ ಅಂತ ನಿನ್ನೆ ಡಂಗುರ ಸಾರ್ಯಾರ. ಗಾಡಿಗೆ ಪೆಟ್ರೋಲ್ ಹಾಕಿಸೇನಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ